ಹಿಮನದಿ ಕರಗುವುದಕ್ಕೆ ಮನುಷ್ಯನೇ ಕಾರಣವೇ? ನನಗೆ ಇನ್ನೂ ನಂಬಿಕೆ ಬಂದಿಲ್ಲ

ಪೆರ್ಲದ ಅಡಿಕೆ ಕೃಷಿಕ

ಎಲ್ಲರಿಗೂ ನಮಸ್ಕಾರ. ಕಳೆದ ಆದಿತ್ಯವಾರ ನಮ್ಮೂರ ಗ್ರಂಥಾಲಯದಲ್ಲಿ ಹವಾಮಾನದ ಬಗ್ಗೆ ಒಂದು ಭಾಷಣ ಇತ್ತು. ಮಗಳು ಕರೆದಳು ಅಂತ ನಾನೂ ಹೋಗಿ ಕೂತೆ. ಹಿಮಾಲಯದ ಹಿಮನದಿಗಳು ಹಿಂದೆ ಸರಿಯುತ್ತಿವೆ, ಭೂಮಿ ಬಿಸಿಯಾಗುತ್ತಿದೆ, ಇದಕ್ಕೆಲ್ಲ ನಾವೇ ಕಾರಣ ಎಂದು ಒಂದು ಗಂಟೆ ಹೇಳಿದರು. ಕೊನೆಗೆ ನಾನು ಎದ್ದು, "ಕರಗುವುದು ಸರಿ, ನಾವೇ ಕಾರಣ ಅಂತ ಹೇಗೆ ಗೊತ್ತಾಯಿತು?" ಎಂದು ಕೇಳಿದೆ. "ಜಗತ್ತಿನ ವಿಜ್ಞಾನಿಗಳೆಲ್ಲ ಒಪ್ಪಿದ್ದಾರೆ" ಎಂದರು. ನಾನು ಕೇಳಿದ್ದು ಎಷ್ಟು ಜನ ಒಪ್ಪಿದ್ದಾರೆ ಎಂದಲ್ಲ. ಹೇಗೆ ಗೊತ್ತಾಯಿತು ಎಂದು. ಅದಕ್ಕೆ ಉತ್ತರ ಸಿಗದೆ ಮನೆಗೆ ಬಂದೆ, ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸಂಶಯಕ್ಕೆ ಕಾರಣ ಉಂಟು. ನಮ್ಮ ಕಡೆಯವರಿಗೆ ತಜ್ಞರ ಮಾತು ನಂಬಿ ಕೆಟ್ಟ ಅನುಭವ ಇದೆ. ಕಾಸರಗೋಡಿನ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ನಾನು ಶಾಲೆಗೆ ಹೋಗುವ ಹುಡುಗ. ಏನೂ ಆಗುವುದಿಲ್ಲ, ಬಾವಿಗೆ ಒಂದು ಮುಚ್ಚಿಗೆ ಹಾಕಿ ಸಾಕು ಎಂದವರು ಓದಿದವರೇ. ಗುಡ್ಡೆಗೆ ಅಡ್ಡ ಕೊರೆದ ನೀರಿನ ಸುರಂಗಕ್ಕೆ ಎಲ್ಲಿಂದ ಮುಚ್ಚಿಗೆ ಹಾಕುವುದು? ಮುಂದೆ ಏನಾಯಿತು ಎಂದು ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದು, ಹಿಮಾಲಯದ ಹಿಮನದಿಗಳು 2035ಕ್ಕೆ ಮುಗಿದುಹೋಗುತ್ತವೆ ಎಂದು ವಿಶ್ವಸಂಸ್ಥೆಯ ವರದಿಯಲ್ಲೇ ಬಂದಿತ್ತು. ಆಮೇಲೆ ಅದು ತಪ್ಪು ಎಂದು ಅವರೇ ಒಪ್ಪಿದರು. ಅಷ್ಟು ದೊಡ್ಡ ತಪ್ಪು ಮಾಡಿದವರ ಉಳಿದ ಲೆಕ್ಕ ಸರಿ ಇದೆ ಎಂದು ಯಾಕೆ ನಂಬಬೇಕು?

ಮೂರನೆಯದು ನನ್ನ ಮನೆಯದ್ದೇ. ಅಪ್ಪ 1974ರಿಂದ ಮಳೆ ಅಳೆದು ಬರೆದಿಡುತ್ತಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ, ಪುಸ್ತಕದಲ್ಲಿ ಬರೆದ ಮೇಲೆಯೇ ತಿಂಡಿ. ಅಪ್ಪನ ನಂತರ ನಾನು ಬರೆಯುತ್ತಿದ್ದೇನೆ. ಒಟ್ಟು ಮಳೆ ಒಂದು ವರ್ಷ ಏರುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಭಾಷಣದಲ್ಲಿ ತೋರಿಸಿದ ಹಾಗೆ ಮೇಲೆ ಹೋಗುವ ಗೆರೆ ನನಗೆ ಅದರಲ್ಲಿ ಕಾಣುವುದಿಲ್ಲ.

ತಿಳಿದವರು ಇದ್ದರೆ ಹೇಳಿ. ಬೈಯಬೇಡಿ, ನಂಬು ಎಂದೂ ಹೇಳಬೇಡಿ. ಕಾರಣ ಹೇಳಿ.

ಮುಳ್ಳೇರಿಯ ಓದುಗ

ಅಣ್ಣ, ನಾನು ನಿಮ್ಮ ಪಕ್ಷ. ಹವಾಮಾನ ಯಾವಾಗ ಬದಲಾಗಿಲ್ಲ? 20 ಸಾವಿರ ವರ್ಷದ ಹಿಂದೆ ಹಿಮಯುಗ ಇತ್ತು, ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗೆ ಇತ್ತು. ಆ ಮಂಜು ಕರಗಿಸಲು ಯಾರು ಲಾರಿ ಓಡಿಸಿದರು? ಪರಶುರಾಮ ಕೊಡಲಿ ಬೀಸಿ ಕಡಲನ್ನು ಹಿಂದಕ್ಕೆ ಕಳಿಸಿದ ಕತೆ ನಮ್ಮಲ್ಲೇ ಉಂಟು. ಕಡಲು ಹಿಂದೆ ಮುಂದೆ ಹೋಗುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ ಎಂದೇ ನನ್ನ ಅಂದಾಜು. ಸೂರ್ಯ ಉಂಟು, ಜ್ವಾಲಾಮುಖಿ ಉಂಟು. ಇನ್ನೊಂದು ವಿಷಯ, ನೂರೈವತ್ತು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದ ದೇಶಗಳು ಈಗ ನಮಗೆ ಸುಡಬೇಡಿ ಎನ್ನುತ್ತಿವೆ. ಇದರಲ್ಲಿ ವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು ಎಂದು ಕೇಳುವುದು ತಪ್ಪಲ್ಲ.

ಉಪ್ಪಳ ಕಡಲಬದಿ

ನಿಮಗೆ ಗುಡ್ಡೆಯ ಮೇಲೆ ಕೂತು ಚರ್ಚೆ ಮಾಡಲಿಕ್ಕೆ ಸಮಯ ಉಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಸೋಡಿಯ ಕಡೆ ಬಂದು ನೋಡಿದ್ದೀರಾ? ನಮ್ಮ ಹಿತ್ತಿಲಿನ ಪಡು ಬದಿಯಲ್ಲಿ ಎರಡು ಸಾಲು ತೆಂಗು ಇತ್ತು. ಈಗ ಒಂದು ಸಾಲೂ ಇಲ್ಲ. ಮೊದಲು ಗಾಳಿಮಳೆ ಅಂದರೆ ಬಂಗಾಳ ಕೊಲ್ಲಿಯ ಸುದ್ದಿ. ಈಗ ನಮ್ಮ ಅರಬ್ಬಿಯಲ್ಲೇ ಹುಟ್ಟಿ ನಮ್ಮ ಅಂಗಳಕ್ಕೆ ಬರುತ್ತದೆ. ದೋಣಿ ಇಳಿಸುವವರಿಗೆ ನೀರಿನ ಬಿಸಿ ಕೈಯಲ್ಲೇ ಗೊತ್ತಾಗುತ್ತದೆ. ಬೂತಾಯಿ ಮೀನು ಒಂದು ವರ್ಷ ರಾಶಿ, ಮತ್ತೆರಡು ವರ್ಷ ಪತ್ತೆ ಇಲ್ಲ.

ಪೆರ್ಲದ ಅಡಿಕೆ ಕೃಷಿಕ

ನಿಮ್ಮ ನಷ್ಟ ಸಣ್ಣದಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕಡಲ್ಕೊರೆತಕ್ಕೆ ಕಾರಣ ಒಂದೇ ಅಲ್ಲವಲ್ಲ? ಅಳಿವೆಯ ಹತ್ತಿರ ಕಲ್ಲಿನ ತಡೆಗೋಡೆ ಹಾಕಿದರೆ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿ ಕೊರೆಯುತ್ತದೆ. ಹೊಳೆಯ ಹೊಯಿಗೆ ತೆಗೆದರೆ ಕಡಲಿಗೆ ಹೊಯಿಗೆ ಬರುವುದೇ ಕಡಿಮೆಯಾಗುತ್ತದೆ. ಅದನ್ನೆಲ್ಲ ಬಿಟ್ಟು ಹಿಮಾಲಯದ ಮೇಲೆ ಹಾಕಿದರೆ ಹೊಯಿಗೆ ತೆಗೆದವರು ಬಚಾವಾಗುತ್ತಾರೆ.

ನೀರ್ಚಾಲು ಮಾಷ್ಟ್ರು

ಪೆರ್ಲದವರು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಾಗಿ ಅದಕ್ಕೆ ಉತ್ತರ ಕೊಡಬೇಕಾದ್ದು ನನ್ನ ಕರ್ತವ್ಯ ಎಂದು ಭಾವಿಸುತ್ತೇನೆ.

ಎಲ್ಲ ಅಡಿಕೆಯವರಿಗೂ ಗೊತ್ತಿರುವ ಸಂಗತಿಯಿಂದ ಶುರು ಮಾಡೋಣ. ಧನು ತಿಂಗಳಲ್ಲಿ ಆಕಾಶ ಶುಭ್ರವಾಗಿದ್ದ ರಾತ್ರಿ ಮೈ ಕೊರೆಯುವ ಚಳಿ, ಬೆಳಿಗ್ಗೆ ಅಂಗಳದ ಅಡಿಕೆಯ ಮೇಲೆಲ್ಲ ಇಬ್ಬನಿ. ಅದೇ ತಿಂಗಳಲ್ಲಿ ಮೋಡ ಕವಿದ ರಾತ್ರಿ ಕಂಬಳಿಯೇ ಬೇಡ. ಎರಡೂ ರಾತ್ರಿ ಸೂರ್ಯ ಇಲ್ಲ. ವ್ಯತ್ಯಾಸ ಎಲ್ಲಿಂದ? ನೆಲ ಹಗಲು ಹೀರಿದ ಬಿಸಿಯನ್ನು ರಾತ್ರಿ ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಮೋಡ ಅದನ್ನು ಹಿಡಿದು ಸ್ವಲ್ಪ ಭಾಗವನ್ನು ಕೆಳಕ್ಕೆ ಮರಳಿಸುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಇದೇ ಕೆಲಸ ಮಾಡುತ್ತದೆ. ಮೋಡ ಬಂದು ಹೋಗುತ್ತದೆ, ಇದು ಶತಮಾನಗಟ್ಟಲೆ ಉಳಿಯುತ್ತದೆ.

ಇದು ಇತ್ತೀಚಿನ ರಾಜಕೀಯದಿಂದ ಹುಟ್ಟಿದ ಮಾತಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು ನೋಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಬಿಸಿಯಾಯಿತು. 1859ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಯಾವ ಅನಿಲ ಎಷ್ಟು ಶಾಖ ಹೀರುತ್ತದೆ ಎಂದು ಅಳೆಯಲು ತೊಡಗಿದರು. 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್, ಗಾಳಿಯಲ್ಲಿ ಈ ಅನಿಲ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಕೈಯಲ್ಲೇ ಲೆಕ್ಕ ಹಾಕಿದರು. ಆಗ ಇಂಗಾಲದ ತೆರಿಗೆಯೂ ಇರಲಿಲ್ಲ, ಹವಾಮಾನ ಸಮ್ಮೇಳನವೂ ಇರಲಿಲ್ಲ.

ಗಾಳಿಯಲ್ಲಿ ಆ ಅನಿಲ ಹೆಚ್ಚಿದೆಯೇ? 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಎಡೆಬಿಡದೆ ಅಳೆಯುತ್ತಿದ್ದಾರೆ. ಶುರುವಿನಲ್ಲಿ ಹತ್ತು ಲಕ್ಷ ಭಾಗ ಗಾಳಿಯಲ್ಲಿ 315 ಭಾಗ ಇತ್ತು, ಈಗ 420 ದಾಟಿದೆ. ಧ್ರುವದ ಹಳೆಯ ಮಂಜಿನಲ್ಲಿ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳನ್ನು ಒಡೆದು ನೋಡಿದರೆ, ಕೈಗಾರಿಕೆ ಶುರುವಾಗುವ ಮೊದಲು 280ರ ಆಸುಪಾಸು. ಹಿಂದಿನ 8 ಲಕ್ಷ ವರ್ಷಗಳಲ್ಲಿ ಅದು ಸರಿಸುಮಾರು 180ಕ್ಕೂ 300ಕ್ಕೂ ನಡುವೆಯೇ ಓಡಾಡಿಕೊಂಡಿತ್ತು.

ಸೂರ್ಯನ ವಿಷಯಕ್ಕೆ ಬರುತ್ತೇನೆ. 1978ರಿಂದ ಉಪಗ್ರಹಗಳು ಸೂರ್ಯನ ಪ್ರಖರತೆಯನ್ನು ಅಳೆಯುತ್ತಿವೆ. ಹನ್ನೊಂದು ವರ್ಷದ ಏರಿಳಿತ ಇದೆ, ಒಟ್ಟಾರೆ ಏರಿಕೆ ಇಲ್ಲ. ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿದೆ. ಸೂರ್ಯನೇ ಹೆಚ್ಚು ಉರಿದಿದ್ದರೆ ವಾತಾವರಣ ಬುಡದಿಂದ ತುದಿಯವರೆಗೆ ಬಿಸಿಯಾಗಬೇಕಿತ್ತು. ಈ ಅನಿಲದ ಕಂಬಳಿ ದಪ್ಪವಾದದ್ದಾದರೆ ಕಂಬಳಿಯ ಒಳಗೆ ಬಿಸಿ, ಹೊರಗೆ ತಂಪು. ಅಳೆದು ನೋಡಿದಾಗ ಕೆಳಗಿನ ಪದರ ಬಿಸಿಯಾಗಿದೆ, ಮೇಲಿನ ಸ್ತರಗೋಲ ತಂಪಾಗಿದೆ. ಅಲ್ಲಿ ಓಝೋನ್ ಕಡಿಮೆಯಾದದ್ದೂ ಒಂದು ಪಾಲು ಎಂಬುದನ್ನು ಮರೆಮಾಚಬಾರದು, ಆದರೆ ತೀರಾ ಮೇಲಿನ ಭಾಗದ ತಂಪಿಗೆ ಅದೊಂದೇ ಸಾಲದು. ಇದು ಹೀಗೇ ಆಗುತ್ತದೆ ಎಂದು ಸ್ಯುಕುರೊ ಮನಾಬೆ 1967ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2021ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಮೊದಲೇ ಹೇಳಿ ಆಮೇಲೆ ಅಳೆದಾಗ ಹಾಗೆಯೇ ಕಂಡರೆ, ನನ್ನ ಮಟ್ಟಿಗೆ ಅದು ದೊಡ್ಡ ಪುರಾವೆ.

ಪೆರ್ಲದ ಅಡಿಕೆ ಕೃಷಿಕ

ಮಾಷ್ಟ್ರೇ, ಮೋಡದ ರಾತ್ರಿಯ ಮಾತು ತಲೆಗೆ ಹೋಯಿತು. ಅದನ್ನು ಒಪ್ಪಿದೆ. ಈಗ ಎರಡು ಗಂಟು ಉಳಿದಿವೆ.

ಅನಿಲ ಹೆಚ್ಚಾಗಿದೆ ಸರಿ. ಅದು ನಮ್ಮದೇ ಅನಿಲ ಎಂದು ಹೇಗೆ ಗುರುತು ಹಿಡಿದರು? ಗಾಳಿಗೆ ಹೆಸರು ಬರೆದಿರುವುದಿಲ್ಲವಲ್ಲ? ಜ್ವಾಲಾಮುಖಿಯದ್ದೋ ಸಮುದ್ರದ್ದೋ ಆಗಿರಬಹುದು.

ಇನ್ನೊಂದು, ಹಿಮಯುಗ ಮುಗಿಯುವಾಗ ಮೊದಲು ಬಿಸಿ ಏರಿತು, ಅನಿಲ ಆಮೇಲೆ ಏರಿತು ಎಂದು ಓದಿದ್ದೇನೆ. ಹಾಗಾದರೆ ಯಾವುದು ಕಾರಣ, ಯಾವುದು ಪರಿಣಾಮ?

ನೀರ್ಚಾಲು ಮಾಷ್ಟ್ರು

ಗಾಳಿಗೆ ಹೆಸರು ಬರೆದಿದೆ! ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೇ ಇದು.

ಹಳೆಯ ಮರ, ಎಲುಬುಗಳ ವಯಸ್ಸು ಹೇಳಲು ಕಾರ್ಬನ್ 14 ಎಂಬ ಇಂಗಾಲದ ಒಂದು ಬಗೆಯನ್ನು ಬಳಸುವುದನ್ನು ಕೇಳಿದ್ದೀರಿ. ಜೀವ ಇರುವವರೆಗೆ ಗಿಡ ಗಾಳಿಯಿಂದ ಅದನ್ನು ಪಡೆಯುತ್ತಿರುತ್ತದೆ. ಸತ್ತ ಮೇಲೆ ಸುಮಾರು 5,700 ವರ್ಷಕ್ಕೆ ಅರ್ಧದಂತೆ ಅದು ಕ್ಷಯಿಸುತ್ತದೆ. ಕಲ್ಲಿದ್ದಲು, ಪೆಟ್ರೋಲುಗಳು ಕೋಟಿಗಟ್ಟಲೆ ವರ್ಷ ಹೂತುಹೋದ ಜೀವಿಗಳಿಂದ ಆದದ್ದು, ಅವುಗಳಲ್ಲಿ ಕಾರ್ಬನ್ 14 ಉಳಿದೇ ಇಲ್ಲ. ಅವನ್ನು ಸುಟ್ಟರೆ ಗಾಳಿಗೆ ಸೇರುವುದು ಕಾರ್ಬನ್ 14 ಇಲ್ಲದ ಇಂಗಾಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲೇ, ಅಣುಬಾಂಬ್ ಪರೀಕ್ಷೆಗಳು ಲೆಕ್ಕವನ್ನು ಕಲಕುವ ಮೊದಲೇ, ಬೆಳೆದ ಮರದ ಉಂಗುರಗಳಲ್ಲಿ ಈ ತೆಳುವಾಗುವಿಕೆ ಕಾಣುತ್ತದೆ. ಇನ್ನು ಕಾರ್ಬನ್ 13, ಅದು ಇಂಗಾಲದ ತುಸು ಭಾರವಾದ ಬಗೆ. ಗಿಡಗಳು ಆಹಾರ ಮಾಡುವಾಗ ಹಗುರವಾದ ಕಾರ್ಬನ್ 12ನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ. ಗಿಡದಿಂದಾದ ಇಂಧನ ಸುಟ್ಟಾಗ ಗಾಳಿಯಲ್ಲಿ ಕಾರ್ಬನ್ 13ರ ಪಾಲು ಇಳಿಯಬೇಕು. ಇಳಿಯುತ್ತಿದೆ. ಜ್ವಾಲಾಮುಖಿಯ ಇಂಗಾಲಕ್ಕೆ ಈ ಗುರುತು ಇಲ್ಲ. ಮೇಲಾಗಿ ಎಲ್ಲ ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್, ನಾವು ಬಿಡುವುದರ ನೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಸಮುದ್ರವಾದರೋ ಹೊರಗೆ ಬಿಡುವುದಕ್ಕಿಂತ ಹೆಚ್ಚು ಹೀರಿಕೊಳ್ಳುತ್ತಿದೆ. ನಾವು ಬಿಟ್ಟದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ, ಉಳಿದದ್ದನ್ನು ಕಡಲೂ ಕಾಡೂ ನುಂಗುತ್ತವೆ.

ಹಿಮಯುಗದ ಮಾತು ನೀವು ಓದಿದ್ದು ಸರಿಯೇ. ಭೂಮಿ ಸೂರ್ಯನನ್ನು ಸುತ್ತುವ ದಾರಿಯೂ ಅದರ ಓರೆಯೂ ಹತ್ತಾರು ಸಾವಿರ ವರ್ಷಗಳಲ್ಲಿ ನಿಧಾನವಾಗಿ ಬದಲಾಗುತ್ತವೆ. ಮೊದಲ ಬಿಸಿ ಅಲ್ಲಿಂದ ಬಂತು. ಕಡಲು ಬೆಚ್ಚಗಾಗಿ ತನ್ನಲ್ಲಿದ್ದ ಅನಿಲವನ್ನು ಬಿಟ್ಟಿತು, ಆ ಅನಿಲ ಬಿಸಿಯನ್ನು ಇನ್ನಷ್ಟು ಏರಿಸಿತು. ಒಣ ದರಗಿಗೆ ಮಿಂಚಿನಿಂದಲೂ ಬೆಂಕಿ ಹತ್ತುತ್ತದೆ, ಬೀಡಿಯಿಂದಲೂ ಹತ್ತುತ್ತದೆ. ಹಿಂದೆ ಮಿಂಚಿನಿಂದ ಹತ್ತಿತ್ತು ಎಂದ ಮಾತ್ರಕ್ಕೆ ಇವತ್ತು ಬೀಡಿ ಎಸೆದವನು ನಿರಪರಾಧಿ ಆಗುವುದಿಲ್ಲ. ವೇಗವೂ ನೋಡಿ: ಹಿಮಯುಗದಿಂದ ಹೊರಬರಲು ಭೂಮಿಗೆ ಹತ್ತು ಸಾವಿರ ವರ್ಷದ ಹತ್ತಿರ ಬೇಕಾಯಿತು. ಈಗ ಒಂದು ಡಿಗ್ರಿಗಿಂತ ಹೆಚ್ಚು ಏರಿದ್ದು ನೂರೈವತ್ತು ವರ್ಷದಲ್ಲಿ, ಅದರಲ್ಲೂ ಬಹುಪಾಲು 1975ರ ಈಚೆಗೆ.

ಕುಂಬಳೆಯಿಂದ ಹಿಮಾಲಯಕ್ಕೆ

ಎಲ್ಲರಿಗೂ ನಮಸ್ತೆ. ಓದುತ್ತಾ ಓದುತ್ತಾ ಕೈ ಕಟ್ಟಿ ಕೂರಲಿಕ್ಕೆ ಆಗಲಿಲ್ಲ. ನಾನು ಕುಂಬಳೆಯ ಹುಡುಗಿ, ಈಗ ಉತ್ತರದಲ್ಲಿ ಹಿಮನದಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಎರಡು ಬೇಸಿಗೆ ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯ ಮೇಲೆ ಕೆಲಸ ಮಾಡಿದ್ದೇನೆ. ಅದು ಚಂದ್ರಾ ನದಿಯ ಕಣಿವೆಯಲ್ಲಿದೆ. ಚಂದ್ರಗಿರಿ ಹೊಳೆಯ ನಾಡಿನಿಂದ ಹೋದವಳಿಗೆ ಆ ಹೆಸರು ಕೇಳಿಯೇ ಖುಷಿಯಾಗಿತ್ತು.

ಪೆರ್ಲದ ಮಾವ, 2035ರ ಕತೆ ನಿಜ, ನಮ್ಮ ಕ್ಷೇತ್ರದವರಿಗೆ ಅದು ಇಂದಿಗೂ ನೋವಿನ ವಿಷಯ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2007ರ ವರದಿಯಲ್ಲಿ ಆ ಸಾಲು ಬಂತು. ಅದರ ಮೂಲ ಸಂಶೋಧನಾ ಲೇಖನ ಅಲ್ಲ, ಒಂದು ಪರಿಸರ ಸಂಸ್ಥೆಯ ವರದಿ. ಆ ವರದಿಯ ಮೂಲ 1999ರ ಒಂದು ವಾರಪತ್ರಿಕೆಯ ಸುದ್ದಿ. ಯಾರೂ ಹಿಂದಕ್ಕೆ ಹೋಗಿ ಪರೀಕ್ಷಿಸಲಿಲ್ಲ. 2009ರ ನವೆಂಬರಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಜೀವಮಾನ ಸವೆಸಿದ್ದ ವಿ. ಕೆ. ರೈನಾ ಅವರು ಬರೆದ ವರದಿಯನ್ನು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬಿಡುಗಡೆ ಮಾಡಿದರು. ಹಿಮಾಲಯದ ಹಿಮನದಿಗಳು ಅಷ್ಟು ವೇಗವಾಗಿ ಹೋಗುತ್ತಿಲ್ಲ ಎಂದು ಅದರಲ್ಲಿತ್ತು. ಐಪಿಸಿಸಿಯ ಅಧ್ಯಕ್ಷರು ಅದನ್ನು ಹೀಗಳೆದರು. ಎರಡು ತಿಂಗಳಾಗುವಷ್ಟರಲ್ಲಿ, 2010ರ ಜನವರಿಯಲ್ಲಿ, ಐಪಿಸಿಸಿಯೇ ತಪ್ಪೊಪ್ಪಿಕೊಂಡಿತು. ಹೀಗಳೆದದ್ದು ಕೆಟ್ಟ ನಡತೆ ಎಂದೇ ನನ್ನ ಅಭಿಪ್ರಾಯ.

ಆದರೆ ಆ ತಪ್ಪನ್ನು ಹಿಡಿದದ್ದು ಯಾರು? ಹಿಮನದಿ ಅಳೆಯುವವರೇ. ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರ್ ಉದ್ದ. ಅದರ ಮೂತಿ, ಅಂದರೆ ಕೆಳತುದಿ, ವರ್ಷಕ್ಕೆ 20 ಮೀಟರಿನ ಆಸುಪಾಸು ಹಿಂದೆ ಸರಿಯುತ್ತದೆ. ಆ ಲೆಕ್ಕಕ್ಕೆ ಅದು ಮುಗಿಯಲು ಸಾವಿರದೈನೂರು ವರ್ಷ ಬೇಕು, 2035 ಎಲ್ಲಿಂದ ಬರಬೇಕು! ಆದರೆ ಸರಿಯುತ್ತಿರುವುದಂತೂ ಹೌದು. 1935ರಲ್ಲಿ ಜೆ. ಬಿ. ಆಡೆನ್ ಎಂಬವರು ಅದರ ಮೂತಿಯ ನಕ್ಷೆ ಮಾಡಿಟ್ಟಿದ್ದರು. ಅಲ್ಲಿಂದ ಈಚೆಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಹೋಗಿದೆ.

ಮೂತಿಯನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಅಂಗಳದಲ್ಲಿ ಭತ್ತದ ರಾಶಿ ಇದೆ ಎಂದುಕೊಳ್ಳಿ. ನೆತ್ತಿಯಿಂದ ದಿನಾ ಒಂದು ಕಳಸಿಗೆ ತೆಗೆದರೆ ರಾಶಿಯ ಅಂಚು ಎಷ್ಟೋ ದಿನ ಇದ್ದಲ್ಲೇ ಇರುತ್ತದೆ, ಭತ್ತ ಮಾತ್ರ ಮುಗಿಯುತ್ತಾ ಬರುತ್ತದೆ. ಹಾಗಾಗಿ ನಾವು ದಪ್ಪ ಅಳೆಯುತ್ತೇವೆ. ಮಂಜಿನೊಳಗೆ ಆವಿಯಿಂದ ತೂತು ಕೊರೆದು ಬಿದಿರಿನ ಕೋಲು ಇಳಿಸುತ್ತೇವೆ. ಮುಂದಿನ ವರ್ಷ ಹೋದಾಗ ಕೋಲು ಎಷ್ಟು ಹೊರಗೆ ಬಂದಿದೆ ನೋಡುತ್ತೇವೆ. ಮೇಲ್ಭಾಗದಲ್ಲಿ ಗುಂಡಿ ತೋಡಿ ಹೊಸ ಹಿಮ ಎಷ್ಟು ಬಿದ್ದಿದೆ ಎಂದು ತೂಕ ಹಾಕುತ್ತೇವೆ. ಆಯ, ವ್ಯಯ, ಶಿಲ್ಕು. ನಿಮ್ಮ ಅಪ್ಪ ಮಳೆ ಬರೆದ ಹಾಗೆಯೇ ಮಾವ, ಬೇರೆ ಮಂತ್ರ ಇಲ್ಲ. ಛೋಟಾ ಶಿಗ್ರಿಯಲ್ಲಿ 2002ರಿಂದ ಈ ಲೆಕ್ಕ ನಡೆಯುತ್ತಿದೆ. ಕೆಲವು ವರ್ಷ ಆಯವೇ ಹೆಚ್ಚಿತ್ತು. ಒಟ್ಟಿನಲ್ಲಿ ಮಾತ್ರ ಇಡೀ ಹಿಮನದಿಯ ಮೇಲೆ ಹರಡಿದರೆ ವರ್ಷಕ್ಕೆ ಸುಮಾರು ಅರ್ಧ ಮೀಟರ್ ನೀರಿನಷ್ಟು ನಷ್ಟ. ನಾನೇ ಇಳಿಸಿದ ಒಂದು ಕೋಲು ಮರುವರ್ಷ ಪೂರ್ತಿ ಹೊರಬಂದು ಮಂಜಿನ ಮೇಲೆ ಅಡ್ಡ ಬಿದ್ದಿತ್ತು. ಅದನ್ನು ಎತ್ತಿಕೊಂಡು ನಿಂತಾಗ ಆದ ಸಂಕಟ ನನಗೆ ಬರೆಯಲು ಬರುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹಿಮನದಿಗಳು ಕರಗಲು ತೊಡಗಿದ್ದು 1850ರ ಸುಮಾರಿಗೆ, ಆಗ ನಾವು ಅಷ್ಟು ಅನಿಲ ಬಿಟ್ಟಿರಲಿಲ್ಲ ಎಂದು ಸಂಶಯವಾದಿಗಳು ಹೇಳುತ್ತಾರೆ. ಅದು ನಿಜ. ಅದಕ್ಕೂ ಹಿಂದೆ ಕೆಲವು ಶತಮಾನ ಚಳಿಯ ಕಾಲ ಇತ್ತು, ಅದರಿಂದ ಚೇತರಿಸಿಕೊಳ್ಳುವುದು ಸಹಜವಾಗಿಯೇ ನಡೆದಿತ್ತು. 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನೇ ಬಿಡಿಸಿ ನೋಡಿತು. 1851ರಿಂದ 2010ರವರೆಗಿನ ಒಟ್ಟು ನಷ್ಟದಲ್ಲಿ ಮನುಷ್ಯನ ಪಾಲು ಕಾಲು ಭಾಗದಷ್ಟು. 1991ರಿಂದ 2010ರವರೆಗಿನ ನಷ್ಟವನ್ನು ಮಾತ್ರ ತೆಗೆದುಕೊಂಡರೆ ಆ ಪಾಲು ನೂರಕ್ಕೆ 69. ಎರಡೂ ಅಂಕಿಗಳಿಗೆ ಹೆಚ್ಚುಕಡಿಮೆಯ ದೊಡ್ಡ ಅಂತರ ಇದೆ, ಅದನ್ನೂ ಅವರೇ ಬರೆದಿದ್ದಾರೆ. ಶುರು ಮಾಡಿದ್ದು ಪ್ರಕೃತಿ, ಈಗ ತಳ್ಳುತ್ತಿರುವುದು ಮುಖ್ಯವಾಗಿ ನಾವು.

ಎಲ್ಲ ಕಡೆ ಒಂದೇ ರೀತಿ ಇಲ್ಲ ಎಂಬುದೂ ನಿಜ. ಕಾರಕೋರಂ ಪರ್ವತಸಾಲಿನ ಕೆಲವು ಹಿಮನದಿಗಳು ಸ್ಥಿರವಾಗಿದ್ದವು, ಕೆಲವು ಮುಂದಕ್ಕೂ ಬಂದವು. ಅಲ್ಲಿ ಚಳಿಗಾಲದ ಪಶ್ಚಿಮದ ಮಾರುತಗಳು ಹಿಮ ತಂದು ಸುರಿಯುತ್ತವೆ. ಗಂಗಾ ಬಯಲಿನ ಹೊಗೆಯ ಮಸಿ ಕೂತ ಕಡೆ ಮಂಜು ಬೇಗ ಕರಗುತ್ತದೆ. ಮೇಲೆ ಕಲ್ಲುಮಣ್ಣಿನ ದಪ್ಪ ಹೊದಿಕೆ ಇದ್ದರೆ ನಿಧಾನ, ತೆಳು ಹೊದಿಕೆ ಇದ್ದರೆ ಇನ್ನೂ ಬೇಗ. ಒಂದೊಂದು ಹಿಮನದಿಗೂ ಒಂದೊಂದು ಸ್ವಭಾವ. ಆದರೆ ಉಪಗ್ರಹದಿಂದ ಜಗತ್ತಿನ ಎರಡು ಲಕ್ಷಕ್ಕೂ ಹೆಚ್ಚು ಹಿಮನದಿಗಳನ್ನು ನೋಡಿದಾಗ, 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 267 ಶತಕೋಟಿ ಟನ್ ಮಂಜು ಹೋಗಿದೆ.

ಮುಳ್ಳೇರಿಯ ಓದುಗ

ತಂಗಿ, ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ, ಸಂತೋಷ. ಆದರೂ ಕೇಳುತ್ತೇನೆ. 2009ರಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಮಿಂಚಂಚೆಗಳು ಸೋರಿಕೆಯಾದವು. ವಿಜ್ಞಾನಿಗಳು ಹಳೆಯ ತಾಪಮಾನದ ಅಂಕಿಗಳನ್ನು ತಿದ್ದುತ್ತಾರೆ ಎಂದು ಆಗಲೇ ಗೊತ್ತಾಯಿತು. ಬರೆದಿಟ್ಟ ಅಂಕಿಯನ್ನು ಆಮೇಲೆ ತಿದ್ದುವುದು ಎಂದರೆ ಏನರ್ಥ? ಪೇಟೆ ಬೆಳೆದು ಡಾಂಬರು, ಕಾಂಕ್ರೀಟು ಹೆಚ್ಚಾಗಿ ಬಿಸಿ ಏರಿದ್ದನ್ನೂ ಇದಕ್ಕೇ ಸೇರಿಸುತ್ತಿರಬಹುದು.

ಕುಂಬಳೆಯಿಂದ ಹಿಮಾಲಯಕ್ಕೆ

ಅಣ್ಣ, ಇದೇ ಸಂಶಯ ಇದ್ದ ಒಬ್ಬ ಭೌತವಿಜ್ಞಾನಿ ಇದ್ದರು, ಅಮೆರಿಕದ ರಿಚರ್ಡ್ ಮುಲ್ಲರ್. ಪೇಟೆಯ ಬಿಸಿ, ಅಂಕಿ ತಿದ್ದುವುದು, ಬೇಕಾದ ಕೇಂದ್ರಗಳನ್ನು ಮಾತ್ರ ಆರಿಸುವುದು, ಈ ಎಲ್ಲ ಆರೋಪಗಳನ್ನೂ ಪರೀಕ್ಷಿಸಲು ಬರ್ಕ್ಲಿಯಲ್ಲಿ ತಂಡ ಕಟ್ಟಿ ಮೊದಲಿನಿಂದ ಲೆಕ್ಕ ಹಾಕಿದರು. ಅವರಿಗೆ ಹಣ ಕೊಟ್ಟವರಲ್ಲಿ ತೈಲೋದ್ಯಮಿ ಕೋಕ್ ಕುಟುಂಬದ ಪ್ರತಿಷ್ಠಾನವೂ ಇತ್ತು. 2012ರಲ್ಲಿ ಅವರು ಹೇಳಿದ್ದು: ಏರಿಕೆ ನಿಜ, ಹೆಚ್ಚುಕಡಿಮೆ ಪೂರ್ತಿ ಕಾರಣ ಮನುಷ್ಯ. ಸೋರಿಕೆಯಾದ ಮಿಂಚಂಚೆಗಳ ಬಗ್ಗೆ ಹಲವು ತನಿಖೆಗಳು ನಡೆದವು. ಮಾಹಿತಿ ಕೇಳಿದವರಿಗೆ ಮುಚ್ಚಿಟ್ಟದ್ದಕ್ಕೆ ಟೀಕೆ ಬಂತು, ಅಂಕಿ ಕಳ್ಳತನ ಎಲ್ಲೂ ಸಿಗಲಿಲ್ಲ. ಇನ್ನು ಪೇಟೆಯ ಮಾತು. ಹೆಚ್ಚಾದ ಬಿಸಿಯಲ್ಲಿ ನೂರಕ್ಕೆ 90 ಭಾಗ ಸೇರುತ್ತಿರುವುದು ಸಮುದ್ರಕ್ಕೆ. ಅಲ್ಲಿ ತೇಲುವ ಸಾವಿರಾರು ಮಾಪಕಗಳು ಅದನ್ನು ಅಳೆಯುತ್ತಿವೆ. ಕಡಲಲ್ಲಿ ಡಾಂಬರು ಇಲ್ಲ.

ನೀರ್ಚಾಲು ಮಾಷ್ಟ್ರು

ಶ್ರೀಮಂತ ದೇಶಗಳ ಬಗ್ಗೆ ಮುಳ್ಳೇರಿಯದವರು ಎತ್ತಿದ ಮಾತು ನ್ಯಾಯದ್ದು. ಒಬ್ಬ ಅಮೆರಿಕನ್ ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಒಬ್ಬ ಭಾರತೀಯನದ್ದಕ್ಕಿಂತ ಆರೇಳು ಪಟ್ಟು. ಯಾರು ಕೊಡಬೇಕು, ಯಾರು ಬಿಡಬೇಕು ಎಂಬಲ್ಲಿ ನಮ್ಮ ದೇಶ ಜಗಳವಾಡಲೇಬೇಕು. ಆದರೆ ಸಾಲ ಯಾರದ್ದು ಎಂದು ಜಗಳವಾಡುವವರು ಸಾಲವೇ ಇಲ್ಲ ಎಂದರೆ ನಮ್ಮ ವಾದವೇ ಬಿದ್ದುಹೋಗುತ್ತದೆ.

ಬಾಯಾರಿನ ಸುರಂಗದ ಮನೆ

ನಾನು ಹೆಚ್ಚು ಓದಿದವಳಲ್ಲ, ಆದರೂ ಒಂದು ಮಾತು. ನಮ್ಮ ಮನೆಗೆ ನೀರು ಸುರಂಗದಿಂದ. ಮಾವನವರ ಅಪ್ಪ ಮುರಕಲ್ಲಿನ ಗುಡ್ಡೆಗೆ ಅಡ್ಡ ಕೊರೆಸಿದ್ದು. ನಾನು ಮದುವೆಯಾಗಿ ಬಂದಾಗ ಮೇ ಕೊನೆಯ ಪತ್ತನಾಜೆಯವರೆಗೂ ಎಳೆ ಕಡಿಯದೆ ನೀರು ಬರುತ್ತಿತ್ತು. ಈಗ ಮಾರ್ಚಿಗೆ ತೊಟ್ಟಿಕ್ಕುತ್ತದೆ. ಒಮ್ಮೆ ನಮ್ಮಲ್ಲಿಗೆ ಬಂದ ಒಬ್ಬ ಅಧಿಕಾರಿ "ಹವಾಮಾನ ಬದಲಾವಣೆ ಅಮ್ಮ, ಏನೂ ಮಾಡುವ ಹಾಗಿಲ್ಲ" ಎಂದು ಹೇಳಿ ಹೋದರು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಗುಡ್ಡೆಯ ಆಚೆ ಬದಿಯಲ್ಲಿ ನಾಲ್ಕು ಬೋರು ಕೊರೆದಿದ್ದಾರೆ. ನೆತ್ತಿಯ ಮುರಕಲ್ಲು ಕಡಿದು ಸಾಗಿಸಿದ್ದಾರೆ. ಮಳೆನೀರು ನಿಲ್ಲುವ ಮದಕ ತುಂಬಿಸಿ ಜಾಗ ಮಾಡಿದ್ದಾರೆ. ಮಳೆ ಇಂಗುವುದಾದರೂ ಎಲ್ಲಿ? ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು.

ಪೆರ್ಲದ ಅಣ್ಣನಿಗೆ ಸಂಶಯ ಬಂದದ್ದು ಇಂಥವರಿಂದಲೂ ಇರಬಹುದು. ಎಲ್ಲವನ್ನೂ ಆಕಾಶದ ಲೆಕ್ಕಕ್ಕೆ ಬರೆದು ನೆಲದ ತಪ್ಪು ಮುಚ್ಚುವವರು ಇದ್ದಾರೆ. ಹಿಮನದಿ ಕರಗಿದರೂ ಕರಗದಿದ್ದರೂ ನಮ್ಮ ಗುಡ್ಡೆಗೆ ಇಂಗುಗುಂಡಿ ಬೇಕು, ತೋಡಿಗೆ ನೀರು ತಡೆಯುವ ಕಟ್ಟ ಬೇಕು.

ಕುಂಬಳೆಯಿಂದ ಹಿಮಾಲಯಕ್ಕೆ

ಅಕ್ಕ, ನೂರಕ್ಕೆ ನೂರು ನಿಜ. ನಮ್ಮ ಹೊಳೆಗಳಿಗೆ ಹಿಮನದಿಯ ಒಂದು ಹನಿಯೂ ಬರುವುದಿಲ್ಲ. ಚಂದ್ರಗಿರಿ, ಶಿರಿಯ, ಮೊಗ್ರಾಲ್ ಎಲ್ಲ ಮಳೆಯ ಹೊಳೆಗಳು. ಸುರಂಗ ಬತ್ತಿದ್ದಕ್ಕೆ ಹಿಮಾಲಯ ಕಾರಣ ಎಂದರೆ ಅದು ಸುಳ್ಳು. ಹಿಮನದಿ ನಮ್ಮಲ್ಲಿಗೆ ಬರುವುದು ಕಡಲಿನ ದಾರಿಯಿಂದ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 1971ರ ಈಚಿನ ಏರಿಕೆಯಲ್ಲಿ ಅರ್ಧದಷ್ಟು, ನೀರು ಬಿಸಿಯಾಗಿ ಹಿಗ್ಗಿದ್ದರಿಂದ. ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಬೆಟ್ಟಗಳ ಹಿಮನದಿಗಳಿಂದ. ಒಂದು ಗೇಣು ನೀರು ಎಂದರೆ ಕಡಿಮೆ ಎನಿಸಬಹುದು. ಆ ಗೇಣಿನ ಮೇಲೆ ನಿಂತು ತೌಕ್ತೆಯ ಅಲೆ ಎದ್ದಾಗ ಉಪ್ಪಳದವರ ಎರಡನೆಯ ಸಾಲಿನ ತೆಂಗಿಗೂ ಮುಟ್ಟುತ್ತದೆ. ತಡೆಗೋಡೆಯ ತಪ್ಪು ಅಲ್ಲೇ ಇದೆ, ಇದು ಅದರ ಮೇಲೆ ಬಂದು ಕೂತ ಭಾರ.

ಪಡ್ರೆಯವ

ಇಷ್ಟರವರೆಗೆ ಓದಿ ಸುಮ್ಮನಿದ್ದೆ. ಎಂಡೋಸಲ್ಫಾನಿನ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದರ ಗುರುತು ಇದೆ, ಹೆಚ್ಚು ಹೇಳಲಾರೆ.

ತಜ್ಞರನ್ನು ನಂಬಿ ಕೆಟ್ಟೆವು ಎಂದು ಪೆರ್ಲದ ಭಾವ ಬರೆದರು. ನಾನು ಕಂಡದ್ದು ಸ್ವಲ್ಪ ಬೇರೆ. 1970ರ ದಶಕದ ಕೊನೆಯಿಂದ 2000ದವರೆಗೆ ಮೇಲಿನಿಂದ ವಿಷ ಬಿಟ್ಟರು. ನಾವು ಅದನ್ನು ನಿಲ್ಲಿಸಿದ್ದು "ನಮಗೆ ನಂಬಿಕೆ ಇಲ್ಲ" ಎಂದು ಹೇಳಿ ಅಲ್ಲ. ಯಾವ ಮನೆ, ಯಾವ ಮಗು, ಯಾವ ಕಾಯಿಲೆ, ಯಾವ ತೋಡಿನ ನೀರು ಎಂದು ಬರೆದಿಟ್ಟರು. ಬರೆದಿಟ್ಟವರಲ್ಲಿ ಊರಿನ ವೈದ್ಯರೂ ಇದ್ದರು, ಪತ್ರಕರ್ತರೂ ಇದ್ದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ನಮ್ಮ ನೀರು, ಮಣ್ಣು, ರಕ್ತದ ಮಾದರಿ ಪರೀಕ್ಷಿಸಿ ವಿಷ ಇದೆ ಎಂದು ತೋರಿಸಿದರು. "ಸಾಕಷ್ಟು ಪುರಾವೆ ಇಲ್ಲ, ಬೇರೆ ಕಾರಣ ಇರಬಹುದು, ಇನ್ನೊಂದು ಸಮಿತಿ ನೋಡಲಿ" ಎಂದು ಕೊನೆಯವರೆಗೆ ಹೇಳುತ್ತಿದ್ದವರು ಅದನ್ನು ಮಾರುವವರು, ಬಿಡಿಸಿದವರು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ಆ ಮಾತು ನಿಲ್ಲಲಿಲ್ಲ.

ಭಾವ, ನಿಮ್ಮ ಸಂಶಯ ಪ್ರಾಮಾಣಿಕ ಎಂದು ನನಗೆ ಗೊತ್ತು. ಆದರೆ ಹಿಮನದಿಯ ಬಗ್ಗೆ "ಇನ್ನೂ ಪುರಾವೆ ಸಾಲದು" ಎಂಬ ಮಾತು ಮೊದಲು ಎಲ್ಲಿಂದ ಹೊರಟಿತು ಎಂದು ಒಮ್ಮೆ ನೋಡಿ. ನನಗೆ ಆ ದನಿ ಗುರುತು ಸಿಗುತ್ತದೆ. ಆ ದನಿ ಕೇಳಿ ನಾವು ಇಪ್ಪತ್ತು ವರ್ಷ ಕಳೆದುಕೊಂಡೆವು.

ಪೆರ್ಲದ ಅಡಿಕೆ ಕೃಷಿಕ

ಪಡ್ರೆಯ ಭಾವ, ನಿಮ್ಮ ಬರಹ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಎಂಡೋ ನನ್ನ ಸಂಶಯಕ್ಕೆ ಆಧಾರ ಎಂದುಕೊಂಡಿದ್ದೆ. ಅದು ನನ್ನ ಕಡೆಯ ಸಾಕ್ಷಿ ಅಲ್ಲ ಎಂದು ಈಗ ಕಾಣುತ್ತದೆ.

ನಿನ್ನೆ ಅಪ್ಪನ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿದೆ. ಒಟ್ಟು ಮಳೆಯ ಬಗ್ಗೆ ನಾನು ಹೇಳಿದ್ದು ತಪ್ಪಲ್ಲ, ಅದರಲ್ಲಿ ಗೆರೆ ಇಲ್ಲ. ಆದರೆ ಮಗಳು ಕೂತು ಬೇರೆ ರೀತಿಯಲ್ಲಿ ನೋಡಿದಳು. ಮಳೆ ಬಂದ ದಿನಗಳು, ಒಂದೇ ದಿನ ಸುರಿದದ್ದು, ಅಡಿಕೆ ಒಣಗಿಸುವ ಹೊತ್ತಿನ ಮಳೆ. ಹಳೆಯ ಪುಸ್ತಕಗಳಲ್ಲಿ ಧನು, ಮಕರದ ಪುಟಗಳು ಹೆಚ್ಚಾಗಿ ಖಾಲಿ. ಈಚಿನವುಗಳಲ್ಲಿ ನನ್ನದೇ ಅಕ್ಷರದಲ್ಲಿ "ಅಂಗಳದ ಅಡಿಕೆ ಒದ್ದೆ" ಎಂದು ಮತ್ತೆ ಮತ್ತೆ ಬರೆದಿದೆ. ನಾನೇ ಬರೆದದ್ದನ್ನು ನಾನೇ ಓದಿರಲಿಲ್ಲ. ಒಂದು ಮನೆಯ ಪುಸ್ತಕದಿಂದ ಜಗತ್ತಿನ ವಿಷಯ ತೀರ್ಮಾನ ಆಗುವುದಿಲ್ಲ, ಅದು ಗೊತ್ತು.

ಅನಿಲ ನಮ್ಮದು ಎಂಬುದನ್ನು ಒಪ್ಪಿದ್ದೇನೆ, ಕಾರ್ಬನ್ನಿನ ಗುರುತಿಗೆ ನನ್ನಲ್ಲಿ ಉತ್ತರ ಇಲ್ಲ. ಹಿಮನದಿಯ ಈಗಿನ ನಷ್ಟದಲ್ಲಿ ನಮ್ಮ ಪಾಲೇ ದೊಡ್ಡದು ಎಂಬುದನ್ನೂ ಒಪ್ಪುತ್ತೇನೆ. ಒಂದು ಮಾತ್ರ ಇನ್ನೂ ಒಪ್ಪಿಲ್ಲ. ಐವತ್ತು ವರ್ಷ ಕಳೆದ ಮೇಲೆ ನಮ್ಮ ಜಿಲ್ಲೆಯಲ್ಲಿ ಇಷ್ಟೇ ಮಳೆ ಬರುತ್ತದೆ ಎಂದು ಭಾಷಣದಲ್ಲಿ ಒಂದು ಅಂಕಿ ಹೇಳಿದರು. ಅದು ನನಗೆ ನಂಬಲಾಗುವುದಿಲ್ಲ.

ಕುಂಬಳೆಯಿಂದ ಹಿಮಾಲಯಕ್ಕೆ

ಅದನ್ನು ನಾನೂ ನಂಬುವುದಿಲ್ಲ ಮಾವ. ತಾಪಮಾನದ ಲೆಕ್ಕದಷ್ಟು ಭರವಸೆಯಿಂದ ಮಳೆಗಾಲದ ಲೆಕ್ಕ ಹೇಳಲು ಬರುವುದಿಲ್ಲ, ಅದರಲ್ಲೂ ಘಟ್ಟದ ಬುಡದ ಒಂದು ಜಿಲ್ಲೆಗೆ. ಬಿಸಿ ಒಂದು ಡಿಗ್ರಿ ಏರಿದರೆ ಗಾಳಿ ನೂರಕ್ಕೆ ಏಳು ಭಾಗ ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಸುರಿದಾಗ ಒಮ್ಮೆಲೇ ಜೋರಾಗಿ ಸುರಿಯುವ ಸಂಭವ ಹೆಚ್ಚು ಎಂಬಷ್ಟು ಗಟ್ಟಿಯಾಗಿ ಹೇಳಬಹುದು. ಅದಕ್ಕಿಂತ ಆಚೆ ಒಂದೇ ಅಂಕಿ ಕೊಟ್ಟವರನ್ನು ಇನ್ನೊಮ್ಮೆ ಎದ್ದು ನಿಂತು ಕೇಳಿ.

ನಿಮ್ಮ ಅಪ್ಪನ ಪುಸ್ತಕಗಳ ಒಂದೊಂದು ಪುಟದ ಫೋಟೋ ತೆಗೆದಿಡಿ, ದಯವಿಟ್ಟು. 1974ರಿಂದ ತಪ್ಪದೆ ಬರೆದ ದಿನವಹಿ ಮಳೆಯ ಲೆಕ್ಕ ಸುಲಭಕ್ಕೆ ಸಿಗುವಂಥದ್ದಲ್ಲ. ಒಂದು ಪ್ರಶ್ನೆ: ಮಧ್ಯದಲ್ಲಿ ಮಾಪಕ ಬದಲಾಯಿಸಿದ್ದುಂಟಾ? ಇಂಚಿನಿಂದ ಮಿಲಿಮೀಟರಿಗೆ ಯಾವಾಗ ಬಂದರು? ಇಟ್ಟ ಜಾಗ ಬದಲಾಗಿದೆಯಾ? ಹತ್ತಿರದ ಮರ ಬೆಳೆದು ಮಾಪಕಕ್ಕೆ ಮರೆಯಾದರೂ ಅಂಕಿ ಕಡಿಮೆ ಬರುತ್ತದೆ. ಮುಳ್ಳೇರಿಯದ ಅಣ್ಣ ಕೇಳಿದ "ಅಂಕಿ ತಿದ್ದುವುದು" ಎಂದರೆ ಬಹುಪಾಲು ಇದೇ. ಜಾಗ ಬದಲಾದ ದಿನ ಗೊತ್ತಿದ್ದರೆ ಅದಕ್ಕೆ ಸರಿಯಾಗಿ ಎರಡು ಕಾಲದ ಅಂಕಿಗಳನ್ನು ಹೊಂದಿಸುತ್ತಾರೆ.

ಪೆರ್ಲದ ಅಡಿಕೆ ಕೃಷಿಕ

ಹುಡುಕಿದೆ. 1983ರ ಪುಸ್ತಕದಲ್ಲಿ, ಆಟಿ ತಿಂಗಳ ಪುಟದ ಅಂಚಿನಲ್ಲಿ ಅಪ್ಪನ ಅಕ್ಷರದಲ್ಲಿ ಇದೆ: "ಹಲಸಿನ ಗೆಲ್ಲು ಮಾಪಕದ ಮೇಲೆ ಬಾಗಿದೆ. ಇವತ್ತು ಮಾಪಕವನ್ನು ಹಟ್ಟಿಯ ಬದಿಯಿಂದ ಮೇಲಿನ ಅಂಗಳಕ್ಕೆ ತಂದದ್ದು. ಹದಿನಾಲ್ಕು ಹೆಜ್ಜೆ ಮೂಡಕ್ಕೆ." ತಾರೀಕೂ ಬರೆದಿದ್ದಾರೆ.

ಫೋಟೋ ಮಗಳು ತೆಗೆಯುತ್ತಾಳೆ. ನೀವು ಊರಿಗೆ ಬಂದಾಗ ಮನೆಗೆ ಬನ್ನಿ, ಪುಸ್ತಕವನ್ನೇ ನೋಡಬಹುದು. ನಾಳೆ ತೋಡಿಗೆ ಕಟ್ಟ ಹಾಕಲು ಜನ ಬರುತ್ತಾರೆ, ಹಲಗೆ ಹೊರಗೆ ತೆಗೆದಿಡಬೇಕು. ಬಾಯಾರಿನ ಅಕ್ಕ, ನಿಮ್ಮ ಬದಿಯ ತೋಡಿಗೂ ಈ ವರ್ಷ ಕಟ್ಟ ಹಾಕುವುದಿದ್ದರೆ ಹೇಳಿ, ನಮ್ಮಲ್ಲಿ ಹೆಚ್ಚಿನ ಹಲಗೆ ಉಂಟು.